ಜಾನ್ ಬನ್ಯನನ ಚರಿತ್ರೆ

ಹೆಗಲ ಮೇಲೆ ಚೀಲವನ್ನು ಹೊತ್ತು, ಊರಿಂದೂರಿಗೆ ತಿರುಗಿ, ತೂತುಬಿದ್ದ ಪಾತ್ರೆಗಳನ್ನು ಬೆಸೆದು ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಮನುಷ್ಯನು ಬರೆದ ಪುಸ್ತಕವು ಇಂದು 200ಕ್ಕೂ ಹೆಚ್ಚು ಭಾಷೆಗಳಲ್ಲಿ ಓದಲ್ಪಡುತ್ತದೆ ಎಂದರೆ ಯಾರಿಗೆ ಆಶ್ಚರ್ಯವಾಗದು? ನಮ್ಮ ಕನ್ನಡದಲ್ಲಿಯೂ ಆ ಪುಸ್ತಕವು 19ನೆಯ ಶತಮಾನದ ನಡುವಿನಲ್ಲಿಯೇ ಮಂಗಳೂರಿನ ಬಾಸೆಲ್ ಮಿಶನಿನವರ ಪ್ರಯತ್ನದಿಂದ ಯಾತ್ರಿಕನ ಸಂಚಾರವೆಂಬ ಹೆಸರಿನಲ್ಲಿ ಅಚ್ಚಾಯಿತು. ಅದನ್ನು ತಾವೇ ಓದಿದವರೂ, ಮತ್ತೊಬ್ಬರಿಂದ ಓದಿಸಿ ಕೇಳಿದವರೂ ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಆದರೆ ಅದನ್ನು ಬರೆದವನು ಎಂಥವನು, ಎಲ್ಲಿ ಕುಳಿತು ಬರೆದನು, ಅದಕ್ಕಾಗಿ ಅವನೂ ಅವನ ಮನೆಯವರೂ ಏನು ಬೆಲೆ ತೆತ್ತರು ಎಂಬುದನ್ನು ಬಲ್ಲವರು ಕೆಲವರೇ. ಆದಕಾರಣ ಅವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

1. ಬಾಲ್ಯವೂ ಯೌವನವೂ

ಇಂಗ್ಲೆಂಡ್ ದೇಶದ ಬೆಡ್‌ಫರ್ಡ್ ಎಂಬ ಪಟ್ಟಣದ ಹತ್ತಿರ ಎಲ್‌ಸ್ಟೋ ಎಂಬ ಒಂದು ಹಳ್ಳಿಯುಂಟು. ಅಲ್ಲಿ 1628ನೆಯ ಇಸವಿಯಲ್ಲಿ ಜಾನ್ ಬನ್ಯನನು ಹುಟ್ಟಿದನು. ಅದೇ ವರ್ಷದ ನವೆಂಬರ್ 30ರಂದು ಆ ಹಳ್ಳಿಯ ದೇವಾಲಯದಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ತಂದೆಯಾದ ಥಾಮಸನು ಪಾತ್ರೆಗಳನ್ನು ದುರಸ್ತಿ ಮಾಡುವ ಕಂಚುಗಾರನು. ಆ ಕಸುಬನ್ನು ಮಾಡುವವರನ್ನು ಆ ದೇಶದ ಜನರು ಹೀನವಾಗಿ ಎಣಿಸುತ್ತಿದ್ದರು. ಆದಾಗ್ಯೂ ತಂದೆತಾಯಿಗಳು ಮಗನನ್ನು ಸ್ವಲ್ಪ ಕಾಲ ಶಾಲೆಗೆ ಕಳುಹಿಸಿ ಓದುಬರಹವನ್ನು ಕಲಿಸಿದರು. ಅನಂತರ ಅವನು ತಂದೆಯ ಕಸುಬಿಗೇ ಕೈಹಾಕಿ, ಕಲಿತದ್ದರಲ್ಲಿ ಬಹುಭಾಗವನ್ನು ಮರೆತುಬಿಟ್ಟನು.

ಅವನಿಗೆ ಹದಿನಾರನೆಯ ವರ್ಷ ನಡೆಯುತ್ತಿದ್ದಾಗ, 1644ರ ಜೂನ್ ತಿಂಗಳಲ್ಲಿ ತಾಯಿಯು ತೀರಿಹೋದಳು. ಮುಂದಿನ ತಿಂಗಳಲ್ಲಿಯೇ ತಂಗಿಯೂ ತೀರಿದಳು. ಅದರ ಮರುತಿಂಗಳು ತಂದೆಯು ಬೇರೊಬ್ಬ ಹೆಂಡತಿಯನ್ನು ಮನೆಗೆ ತಂದನು. ಆ ಕಾಲದಲ್ಲಿ ಅರಸನಾದ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ದೊಡ್ಡ ಯುದ್ಧವು ನಡೆಯುತ್ತಿತ್ತು. ಬನ್ಯನನು ಅದೇ ವರ್ಷ ಪಾರ್ಲಿಮೆಂಟಿನ ದಂಡಿನಲ್ಲಿ ಸಿಪಾಯಿಯಾಗಿ ಸೇರಿದನು. ಒಂದು ಸಾರಿ ಮುತ್ತಿಗೆಯ ಕೆಲಸಕ್ಕೆ ಹೋಗಲು ಅವನನ್ನು ಆರಿಸಿದ್ದರು. ಹೊರಡುವ ಸಮಯದಲ್ಲಿ ಮತ್ತೊಬ್ಬ ಸಿಪಾಯಿಯು ತಾನೇ ಅವನ ಬದಲಾಗಿ ಹೋಗುವೆನೆಂದು ಕೇಳಿಕೊಂಡನು. ಹೋದವನು ಪಹರೆ ನಿಂತಿದ್ದಾಗ ತಲೆಗೆ ಗುಂಡು ತಗಲಿ ಸತ್ತನು. ತನ್ನ ಸ್ಥಳದಲ್ಲಿ ಇನ್ನೊಬ್ಬನು ಸತ್ತನೆಂಬ ಮಾತು ಬನ್ಯನನ ಮನಸ್ಸಿನಿಂದ ಎಂದಿಗೂ ಅಳಿಯಲಿಲ್ಲ.

ದಂಡಿನಿಂದ ಹಿಂದಿರುಗಿದ ಮೇಲೆ, ಸುಮಾರು 1649ರಲ್ಲಿ, ಅವನು ಮದುವೆಯಾದನು. ಗಂಡಹೆಂಡಿರು ಎಷ್ಟು ಬಡವರಾಗಿದ್ದರೆಂದರೆ ಅವರ ಸಂಸಾರಕ್ಕೆ ಒಂದು ತಟ್ಟೆಯಾಗಲಿ ಒಂದು ಚಮಚವಾಗಲಿ ಇರಲಿಲ್ಲ. ಆದರೆ ಆಕೆಯು ತನ್ನ ಭಕ್ತನಾದ ತಂದೆಯು ಸಾಯುವಾಗ ಬಿಟ್ಟುಹೋಗಿದ್ದ ಎರಡು ಧರ್ಮಪುಸ್ತಕಗಳನ್ನು ತವರಿನಿಂದ ತಂದಿದ್ದಳು. ಸಂಜೆಯ ಹೊತ್ತು ಇಬ್ಬರೂ ಕೂಡಿ ಅವುಗಳನ್ನು ಓದುತ್ತಿದ್ದರು. ಮರೆತ ಅಕ್ಷರಗಳು ಬನ್ಯನನಿಗೆ ಹೀಗೆ ತಿರುಗಿ ಕೈವಶವಾದವು. 1650ರಲ್ಲಿ ಅವರಿಗೆ ಮೇರಿ ಎಂಬ ಹೆಣ್ಣುಮಗು ಹುಟ್ಟಿತು. ಆ ಮಗುವಿಗೆ ಕಣ್ಣು ಕಾಣಿಸುತ್ತಿರಲಿಲ್ಲ.

2. ಅಂತರಂಗದ ಹೋರಾಟ

ಬನ್ಯನನು ಕುಡುಕನಾಗಲಿ ವ್ಯಭಿಚಾರಿಯಾಗಲಿ ಆಗಿರಲಿಲ್ಲ. ಆದರೆ ಆಣೆಯಿಡುವುದರಲ್ಲಿಯೂ ಕೆಟ್ಟ ಮಾತಾಡುವುದರಲ್ಲಿಯೂ ಊರಿಗೇ ಮೊದಲಿಗನು. ಒಂದು ದಿನ ಅಂಗಡಿಯೊಂದರ ಮುಂದೆ ಹೀಗೆ ಬೈಯುತ್ತ ನಿಂತಿದ್ದಾಗ, ಒಳಗಿದ್ದ ಹೆಂಗಸೊಬ್ಬಳು ಅವನನ್ನು ಗದರಿಸಿ, ಊರಿನ ಯೌವನಸ್ಥರೆಲ್ಲರನ್ನೂ ಕೆಡಿಸಲು ಅವನೊಬ್ಬನೇ ಸಾಕೆಂದಳು. ಆ ಹೆಂಗಸೇನೂ ಒಳ್ಳೆಯ ಹೆಸರುಳ್ಳವಳಲ್ಲ. ಅಂಥವಳ ಬಾಯಿಂದ ಈ ಮಾತು ಬಂದುದರಿಂದಲೇ ಅವನು ನಾಚಿ ತಲೆ ತಗ್ಗಿಸಿದನು.

ಮತ್ತೊಂದು ಭಾನುವಾರ ಊರಿನ ಬಯಲಿನಲ್ಲಿ ನಮ್ಮ ಚಿನ್ನಿದಾಂಡಿನಂಥ ಆಟವನ್ನು ಆಡುತ್ತಿದ್ದನು. ಚಿನ್ನಿಯನ್ನು ಒಂದೇಟು ಹೊಡೆದು ಎರಡನೆಯ ಏಟಿಗೆ ಕೈಯೆತ್ತಿದಾಗ, ಪಾಪವನ್ನು ಬಿಟ್ಟು ಪರಲೋಕಕ್ಕೆ ಹೋಗುವೆಯೋ, ಪಾಪವನ್ನು ಇಟ್ಟುಕೊಂಡು ನರಕಕ್ಕೆ ಹೋಗುವೆಯೋ ಎಂದು ಯಾರೋ ಕೇಳಿದಂತೆ ಅವನ ಮನಸ್ಸಿಗೆ ತೋರಿತು. ಆ ಹೊತ್ತಿನಲ್ಲಿ ಅವನು ಆಟವನ್ನು ನಿಲ್ಲಿಸಲಿಲ್ಲ. ಆದರೂ ಆ ಪ್ರಶ್ನೆಯು ಅವನನ್ನು ಬಿಡಲಿಲ್ಲ.

ಬರಬರುತ್ತ ಅವನು ಆಣೆಯಿಡುವುದನ್ನೂ ಕುಣಿತವನ್ನೂ ಬಿಟ್ಟನು. ದೇವಾಲಯದ ಗೋಪುರದಲ್ಲಿ ಗಂಟೆ ಹೊಡೆಯುವುದು ಅವನಿಗೆ ಬಹು ಪ್ರಿಯವಾದ ಕೆಲಸವಾಗಿತ್ತು, ಅದನ್ನೂ ಬಿಟ್ಟನು. ಬಿಟ್ಟರೂ ಆಸೆ ತೀರದೆ ಹೊಡೆಯುವವರನ್ನು ನೋಡಲು ಹೋಗುವನು. ಆಗ ಗಂಟೆಯು ತನ್ನ ಮೇಲೆ ಬಿದ್ದೀತೆಂದು ಹೆದರಿ ತೊಲೆಯ ಕೆಳಗೆ ನಿಲ್ಲುವನು; ತೊಲೆಯೂ ಬಿದ್ದೀತೆಂದು ಬಾಗಿಲಿಗೆ ಬರುವನು; ಕೊನೆಗೆ ಗೋಪುರವೇ ಬಿದ್ದೀತೆಂದು ಓಡಿಹೋಗುವನು. ಈ ಬದಲಾವಣೆಯನ್ನು ಕಂಡು ನೆರೆಹೊರೆಯವರು ಹೊಗಳಿದರು, ಅವನೂ ಉಬ್ಬಿದನು. ಹೊರಗಿನ ನಡತೆಯು ಹೀಗೆ ತಿದ್ದಿತಾದರೂ ಒಳಗಿನ ಮನಸ್ಸಿಗೆ ಸಮಾಧಾನವಿರಲಿಲ್ಲ.

ಹೀಗಿರಲಾಗಿ, ಒಂದು ದಿನ ಕಸುಬಿನ ನಿಮಿತ್ತ ಬೆಡ್‌ಫರ್ಡಿನ ಬೀದಿಯಲ್ಲಿ ಹೋಗುತ್ತಿದ್ದಾಗ, ಮೂರು ನಾಲ್ಕು ಮಂದಿ ಬಡ ಹೆಂಗಸರು ಒಂದು ಮನೆಯ ಬಾಗಿಲಲ್ಲಿ ಬಿಸಿಲಿಗೆ ಕುಳಿತು ದೇವರ ವಿಷಯವಾಗಿ ಮಾತಾಡಿಕೊಳ್ಳುತ್ತಿರುವುದನ್ನು ಕೇಳಿದನು. ಧರ್ಮದ ವಿಷಯದಲ್ಲಿ ತಾನೂ ಚೆನ್ನಾಗಿ ಮಾತಾಡಬಲ್ಲೆನೆಂದು ನೆನಸಿ ಹತ್ತಿರ ಹೋದನು. ಅವರಾದರೋ ಹೊಸ ಜನ್ಮವನ್ನೂ, ತಮ್ಮ ಹೃದಯದ ಕೆಟ್ಟತನವನ್ನೂ, ದೇವರು ಕ್ರಿಸ್ತನಲ್ಲಿ ತಮಗೆ ತೋರಿಸಿದ ಪ್ರೀತಿಯನ್ನೂ ಕುರಿತು ಆನಂದದಿಂದ ಮಾತಾಡುತ್ತಿದ್ದರು. ಆ ಮಾತುಗಳು ಅವನ ಬುದ್ಧಿಗೆ ನಿಲುಕಲಿಲ್ಲ. ತಾನು ಇನ್ನೂ ಬಾಗಿಲ ಹೊರಗೆ ನಿಂತವನೆಂದು ಅವನಿಗೆ ಅಂದು ತಿಳಿಯಿತು.

ಅಲ್ಲಿಂದ ಮುಂದೆ ಕೆಲವು ವರ್ಷಗಳು ಅವನು ಪಟ್ಟ ಸಂಕಟವು ಬಹಳ. ತನಗೆ ನಂಬಿಕೆ ಉಂಟೋ ಇಲ್ಲವೋ ಎಂದು ಪರೀಕ್ಷಿಸುವದಕ್ಕಾಗಿ, ದಾರಿಯ ನೀರಿನ ಗುಂಡಿಗಳು ಒಣಗಲಿ, ಒಣ ನೆಲವು ಗುಂಡಿಯಾಗಲಿ ಎಂದು ಅಪ್ಪಣೆ ಕೊಟ್ಟು ನೋಡಬೇಕೆಂದು ಒಮ್ಮೆ ಎಣಿಸಿದನು. ಆದರೆ ಹಾಗೆ ಆಗದೆ ಹೋದರೆ ತನ್ನ ಗತಿಯೇನೆಂದು ಹೆದರಿ ಸುಮ್ಮನಾದನು. ಮತ್ತೊಮ್ಮೆ, ಏಸಾವನು ಚೊಚ್ಚಲತನದ ಹಕ್ಕನ್ನು ಮಾರಿದಂತೆ ತಾನೂ ಕ್ರಿಸ್ತನನ್ನು ಮಾರಿಬಿಟ್ಟೆನೆಂಬ ಭಯವು ಅವನನ್ನು ಬಹುಕಾಲ ಪೀಡಿಸಿತು. ಆ ಕಾಲದಲ್ಲಿ, ಗಲಾತ್ಯದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರನು ಬರೆದ ವ್ಯಾಖ್ಯಾನದ ಒಂದು ಹಳೆಯ ಪ್ರತಿಯು ಅವನ ಕೈಗೆ ಸಿಕ್ಕಿತು. ಅದು ಮುಟ್ಟಿದರೆ ಹರಿಯುವಷ್ಟು ಜೀರ್ಣವಾಗಿತ್ತು. ಆದರೂ ತನ್ನ ಹೃದಯವನ್ನೇ ಯಾರೋ ನೋಡಿ ಬರೆದಂತೆ ಅವನಿಗೆ ಕಂಡಿತು. ಬೆಡ್‌ಫರ್ಡಿನ ಸಭೆಯ ಪಾಲಕನಾಗಿದ್ದ ಜಾನ್ ಗಿಫರ್ಡ್ ಎಂಬವನು ಸಹ ಅವನನ್ನು ತಾಳ್ಮೆಯಿಂದ ನಡಿಸಿದನು. ಈ ಗಿಫರ್ಡನು ಹಿಂದೆ ಅರಸನ ಪಕ್ಷದ ದಂಡಿನಲ್ಲಿ ಅಧಿಕಾರಿಯಾಗಿದ್ದವನು. ಹೀಗೆ ಒಂದು ಕಾಲದಲ್ಲಿ ಎದುರುಬದುರಾಗಿದ್ದ ಪಕ್ಷದವರಿಬ್ಬರು ಒಂದೇ ಸಭೆಯಲ್ಲಿ ಗುರುಶಿಷ್ಯರಾದರು.

3. ಬೋಧನೆಯೂ ಬಂಧನವೂ

ಸಭೆಯವರು ಬನ್ಯನನಲ್ಲಿದ್ದ ವರವನ್ನು ಕಂಡು ಬೋಧಿಸಬೇಕೆಂದು ಕೇಳಿಕೊಂಡರು. ಅವನು ಮೊದಲು ಅಂಜಿದರೂ ಅನಂತರ ಕೊಟ್ಟಿಗೆಗಳಲ್ಲಿ, ಬಯಲುಗಳಲ್ಲಿ, ಹಳ್ಳಿಯ ಮನೆಗಳಲ್ಲಿ ಸುವಾರ್ತೆಯನ್ನು ಸಾರುವವನಾದನು. 1656ರಲ್ಲಿ ಅವನ ಮೊದಲನೆಯ ಪುಸ್ತಕವು ಅಚ್ಚಾಯಿತು. ಅದು ಕ್ವೇಕರರೆಂಬ ಪಂಗಡದವರ ಮೇಲೆ ಬರೆದ ವಾದಗ್ರಂಥವು. ಆ ವಾದದಲ್ಲಿ ಅವನ ಮಾತು ಕೆಲವು ಕಡೆ ಕಟುವಾಗಿತ್ತೆಂಬುದನ್ನೂ ಮರೆಮಾಚಬಾರದು.

1658ರಲ್ಲಿ ಅವನ ಹೆಂಡತಿಯು ನಾಲ್ಕು ಮಕ್ಕಳನ್ನು ಬಿಟ್ಟು ತೀರಿಹೋದಳು. ಮುಂದಿನ ವರ್ಷ ಅವನು ಎಲಿಜಬೆತ್ ಎಂಬ ಯುವತಿಯನ್ನು ಮದುವೆಯಾದನು. 1660ರಲ್ಲಿ ಎರಡನೆಯ ಚಾರ್ಲ್ಸನು ಅರಸನಾಗಿ ಬಂದನು. ರಾಜ್ಯದ ಸಭೆಗೆ ಹೊರಗಾಗಿ ಕೂಟಗಳನ್ನು ನಡಿಸುವವರ ಮೇಲೆ ಎಲಿಜಬೆತ್ ರಾಣಿಯ ಕಾಲದ 1593ರ ಕಾನೂನು ತಿರುಗಿ ಜಾರಿಗೆ ಬಂತು. ಆ ವರ್ಷದ ನವೆಂಬರ್ 12ರಂದು ಲೋಅರ್ ಸ್ಯಾಮ್ಸೆಲ್ ಎಂಬ ಸ್ಥಳದಲ್ಲಿ ಬನ್ಯನನು ಬೋಧಿಸಬೇಕಾಗಿತ್ತು. ಹಿಡಿಯಲು ವಾರಂಟು ಹೊರಟಿದೆ ಎಂದು ಮನೆಯವನು ಮೊದಲೇ ತಿಳಿಸಿ, ಕೂಟವನ್ನು ನಿಲ್ಲಿಸೋಣವೇ ಎಂದು ಕೇಳಿದನು. ತಾನು ಓಡಿಹೋದರೆ ಹೊಸದಾಗಿ ನಂಬಿದ ಬಲಹೀನರು ಏನೆಂದುಕೊಂಡಾರು ಎಂದು ಬನ್ಯನನು ಯೋಚಿಸಿದನು. ಕೂಟವನ್ನು ಪ್ರಾರ್ಥನೆಯಿಂದ ಆರಂಭಿಸಿದನು. ಆಗ ಪೊಲೀಸು ಅಧಿಕಾರಿಯು ಬಂದು ಅವನನ್ನು ಹಿಡಿದನು.

1661ರ ಜನವರಿಯಲ್ಲಿ ಅವನ ವಿಚಾರಣೆಯಾಯಿತು. ಮೂರು ತಿಂಗಳು ಸೆರೆ. ಅನಂತರವೂ ಬೋಧಿಸುವುದನ್ನು ಬಿಡದಿದ್ದರೆ ದೇಶದಿಂದ ಹೊರದೂಡುವುದು. ಅಪ್ಪಣೆಯಿಲ್ಲದೆ ತಿರುಗಿ ಬಂದರೆ ಗಲ್ಲು. ಇದೇ ತೀರ್ಪು. ಇಂದು ಬಿಡಿಸಿದರೆ ನಾಳೆಯೇ ತಿರುಗಿ ಬೋಧಿಸುವೆನೆಂದು ಬನ್ಯನನು ದೇವರ ಸಹಾಯವನ್ನು ನಂಬಿ ಉತ್ತರಕೊಟ್ಟನು. ಅವನನ್ನು ದೇಶದಿಂದ ಹೊರದೂಡಲಿಲ್ಲ. ಆದರೆ ಮೂರು ತಿಂಗಳ ಸೆರೆಯು ಹನ್ನೆರಡು ವರ್ಷಗಳ ಸೆರೆಯಾಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ಸೆರೆಮನೆಯ ಬೀಗದ ಕೈಯು ಒಂದು ವಿಧದಲ್ಲಿ ಬನ್ಯನನ ಕೈಯಲ್ಲಿಯೇ ಇತ್ತು. ಇನ್ನು ಬೋಧಿಸುವುದಿಲ್ಲವೆಂಬ ಒಂದು ಮಾತನ್ನು ಕೊಟ್ಟಿದ್ದರೆ ಅವನು ಅದೇ ದಿನ ಮಕ್ಕಳ ಬಳಿಗೆ ಹೋಗಬಹುದಾಗಿತ್ತು. ಅಧಿಕಾರಿಗಳೂ ನೆರೆಯವರೂ ಬಂದು ಹಾಗೆಯೇ ಬುದ್ಧಿಹೇಳಿದರು. ಅವನಿಗೆ ಮನೆಯ ಚಿಂತೆ ಇರಲಿಲ್ಲವೆಂದು ಯಾರೂ ತಿಳಿಯಬಾರದು. ವಿಶೇಷವಾಗಿ ಕಣ್ಣಿಲ್ಲದ ಮೇರಿಯ ನೆನಪು ಅವನ ಎದೆಯನ್ನು ಸೀಳುತ್ತಿತ್ತು. ಆಕೆಯು ಹಸಿವಿನಿಂದಲೂ ಚಳಿಯಿಂದಲೂ ಬಳಲಿ, ಭಿಕ್ಷೆ ಬೇಡಿ, ಏಟು ತಿಂದಾಳಲ್ಲಾ ಎಂದು ಅವನು ಕೊರಗುತ್ತಿದ್ದನು. ತನ್ನ ಮನೆಯನ್ನು ತಾನೇ ಹೆಂಡತಿಮಕ್ಕಳ ತಲೆಯ ಮೇಲೆ ಕೆಡವುತ್ತಿರುವ ಮನುಷ್ಯನಂತೆ ಅವನು ತನಗೇ ಕಂಡನು. ಆದರೂ ದೇವರು ತನಗೆ ಒಪ್ಪಿಸಿದ ಕೆಲಸವನ್ನು ಮನುಷ್ಯರ ಅಪ್ಪಣೆಗೆ ಬಿಟ್ಟುಕೊಡುವುದು ಅವನ ಮನಸ್ಸಾಕ್ಷಿಗೆ ಒಪ್ಪಲಿಲ್ಲ. ಅವರನ್ನು ದೇವರ ಕೈಗೆ ಒಪ್ಪಿಸಿ ಅವನು ಸೆರೆಯಲ್ಲಿಯೇ ಉಳಿದನು.

4. ಎಲಿಜಬೆತಳ ಧೈರ್ಯ

ಗಂಡನು ಸೆರೆಯಾದ ಸುದ್ದಿಯು ಬಂದಾಗ ಎಲಿಜಬೆತಳು ಬಸುರಿಯಾಗಿದ್ದಳು. ಆ ಭಯದಿಂದ ಆಕೆಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ ಕೂಸು ಸತ್ತಿತು. ತಾನು ಹೆತ್ತದ್ದು ಉಳಿಯಲಿಲ್ಲ. ಸವತಿಯ ನಾಲ್ಕು ಮಕ್ಕಳು ಆಕೆಯ ಪಾಲಿಗೆ ಉಳಿದರು. ಅವರನ್ನು ಆಕೆಯು ಸ್ವಂತ ಮಕ್ಕಳಂತೆ ಸಾಕಿದಳು.

ಹಳ್ಳಿಗಾಡಿನ ಈ ಬಡ ಹೆಂಗಸು ಲಂಡನಿನ ತನಕ ಹೋಗಿ ಪ್ರಭುಗಳಲ್ಲಿ ಒಬ್ಬನ ಕೈಗೆ ಗಂಡನ ಪರವಾದ ಮನವಿಯನ್ನು ಕೊಟ್ಟಳು. ಅದು ನ್ಯಾಯಾಧಿಪತಿಗಳಿಗೆ ಸೇರಿದ ಕೆಲಸವೆಂದು ಉತ್ತರ ಬಂತು. 1661ರ ಆಗಸ್ಟಿನಲ್ಲಿ ನ್ಯಾಯಾಧಿಪತಿಗಳು ಬೆಡ್‌ಫರ್ಡಿಗೆ ಬಂದಾಗ, ಆಕೆಯು ಮೂರು ಸಾರಿ ಅವರಿಗೆ ಮನವಿಯನ್ನು ಒಪ್ಪಿಸಲು ಪ್ರಯತ್ನಿಸಿದಳು. ಒಬ್ಬನ ಬಂಡಿಯೊಳಕ್ಕೇ ಕಾಗದವನ್ನು ಎಸೆದಳು. ಕೊನೆಗೆ ಸ್ವಾನ್ ಎಂಬ ಛತ್ರದಲ್ಲಿ ನ್ಯಾಯಾಧಿಪತಿಗಳೂ ದೊಡ್ಡ ಮನುಷ್ಯರೂ ತುಂಬಿ ಕುಳಿತಿದ್ದ ಕೋಣೆಗೆ, ನಾಚಿಕೆಯಿಂದ ಮೋರೆ ಕೆಂಪಾಗಿ ಎದೆ ನಡುಗುತ್ತಿದ್ದರೂ, ಒಬ್ಬಳೇ ಪ್ರವೇಶಿಸಿದಳು.

ಗಂಡನನ್ನು ನ್ಯಾಯವಾಗಿ ವಿಚಾರಿಸಲಿಲ್ಲವೆಂದೂ, ನಾಲ್ಕು ಚಿಕ್ಕ ಮಕ್ಕಳುಂಟೆಂದೂ, ಅವರಲ್ಲಿ ಒಂದು ಕುರುಡೆಂದೂ, ಒಳ್ಳೆಯವರು ಕೊಡುವ ಧರ್ಮದಿಂದ ಬದುಕುತ್ತಿರುವರೆಂದೂ ಆಕೆಯು ಹೇಳಿದಳು. ಬನ್ಯನನು ಬೋಧಿಸುವುದನ್ನು ನಿಲ್ಲಿಸುವನೋ ಎಂದು ಟ್ವಿಸ್ಡನ್ ಎಂಬ ನ್ಯಾಯಾಧಿಪತಿಯು ಸಿಟ್ಟಿನಿಂದ ಕೇಳಿದನು. ಇಲ್ಲಿ ಆಕೆಯು ಒಂದು ಸುಳ್ಳನ್ನಾದರೂ ಒಂದು ಹಾರಿಕೆಯ ಮಾತನ್ನಾದರೂ ಹೇಳಿದ್ದರೆ ಗಂಡನು ಬಿಡುಗಡೆಯಾಗುತ್ತಿದ್ದನೇನೋ. ಆದರೆ ನಾಲಿಗೆಯಲ್ಲಿ ಮಾತಿರುವ ತನಕ ಆತನು ಬೋಧಿಸದೆ ಇರಲಾರನೆಂದು ಆಕೆಯು ನಿಜವನ್ನೇ ನುಡಿದಳು. ಮ್ಯಾಥ್ಯೂ ಹೇಲ್ ಎಂಬ ಇನ್ನೊಬ್ಬ ನ್ಯಾಯಾಧಿಪತಿಯು ಕನಿಕರಪಟ್ಟು, ಕಾನೂನಿನಲ್ಲಿ ಉಳಿದಿರುವ ದಾರಿಗಳನ್ನು ಮೆಲ್ಲಗೆ ತಿಳಿಸಿದನು. ಬಿಡುಗಡೆಯಂತೂ ಸಿಕ್ಕಲಿಲ್ಲ. ಆಕೆಯು ಅಳುತ್ತ ಹೊರಗೆ ಬಂದಳು. ಅವರು ತನಗೆ ತೋರಿಸಿದ ಕಠಿಣತೆಗಾಗಿ ಅಷ್ಟಲ್ಲ, ಕರ್ತನು ಬರುವ ದಿನದಲ್ಲಿ ಅವರು ಕೊಡಬೇಕಾದ ಲೆಕ್ಕವನ್ನು ನೆನಸಿ ಅತ್ತಳಂತೆ. ಈ ಸಂಗತಿಗಳನ್ನು ಬನ್ಯನನು ಬರೆದಿಟ್ಟನು. ಆ ಬರಹವು 1765ರಲ್ಲಿ ಅಚ್ಚಾಯಿತು.

5. ಸೆರೆಮನೆಯ ಬರಹ

ಸೆರೆಯಲ್ಲಿ ಕಂಚುಗಾರನ ಕಸುಬಿಗೆ ಅವಕಾಶವಿರಲಿಲ್ಲ. ಆದಕಾರಣ ಬನ್ಯನನು ಉದ್ದವಾದ ಲಾಡಿಗಳ ತುದಿಗೆ ಲೋಹದ ಮೊನೆಯನ್ನು ಕೂಡಿಸುವ ಕೆಲಸವನ್ನು ಕಲಿತು, ನೂರಾರು ಲಾಡಿಗಳನ್ನು ಮಾಡಿ ಮಾರಿಸಿ, ಮನೆಗೆ ನಾಲ್ಕು ಕಾಸು ಕಳುಹಿಸುತ್ತಿದ್ದನು. ಜೊತೆಯ ಸೆರೆಯಾಳುಗಳಿಗೆ ಬೋಧಿಸುತ್ತಿದ್ದನು. ಅವನ ಬಳಿ ಇದ್ದ ಮುಖ್ಯ ಪುಸ್ತಕಗಳು ಎರಡು: ಒಂದು ಸತ್ಯವೇದ, ಇನ್ನೊಂದು ಜಾನ್ ಫಾಕ್ಸನು ಬರೆದ ಹತಸಾಕ್ಷಿಗಳ ಚರಿತ್ರೆ. ಈ ಎರಡನ್ನೂ ತಿರುತಿರುಗಿ ಓದಿ ಅವುಗಳ ಮಾತು ಅವನ ಮಾತಿನಲ್ಲಿ ಕರಗಿಹೋಯಿತು. 1666ರಲ್ಲಿ ಅವನು ತನ್ನ ಆತ್ಮದ ಹೋರಾಟಗಳನ್ನು ಒಂದೂ ಮರೆಮಾಡದೆ ಬರೆದು, ಪಾಪಿಗಳಲ್ಲಿ ಮೊದಲಿಗನಿಗೆ ದೊರೆತ ಸಮೃದ್ಧಿಯಾದ ಕೃಪೆ ಎಂಬರ್ಥದ ಹೆಸರಿನಿಂದ ಪ್ರಕಟಿಸಿದನು. ನಾವು ಮೇಲೆ ಹೇಳಿದ ಚಿನ್ನಿಯ ಆಟ, ಗಂಟೆಯ ಗೋಪುರ, ಬಿಸಿಲಿನ ಹೆಂಗಸರು, ಇವೆಲ್ಲ ಆ ಪುಸ್ತಕದಿಂದಲೇ ಲೋಕಕ್ಕೆ ತಿಳಿದುಬಂದವು.

1672ರಲ್ಲಿ ಅರಸನು ಭಿನ್ನಮತದ ಸಭೆಗಳ ಮೇಲಿನ ಕಾನೂನುಗಳನ್ನು ಸಡಿಲಿಸಲು, ಬನ್ಯನನು ಬಿಡುಗಡೆಯಾದನು. ಅಷ್ಟರೊಳಗೆ ಸಭೆಯವರು ಅವನನ್ನೇ ಪಾಲಕನನ್ನಾಗಿ ಆರಿಸಿಕೊಂಡಿದ್ದರು. ಹಣ್ಣಿನ ತೋಟದಲ್ಲಿದ್ದ ಒಂದು ಕೊಟ್ಟಿಗೆಯೇ ಅವರ ಪ್ರಾರ್ಥನಾಲಯವಾಯಿತು. ದೀಕ್ಷಾಸ್ನಾನದ ಕ್ರಮದಲ್ಲಿ ಬೇರೆ ಅಭಿಪ್ರಾಯವುಳ್ಳವರನ್ನು ಕರ್ತನ ಭೋಜನದ ಮೇಜಿನಿಂದ ದೂರವಿಡಬಾರದೆಂದು 1673ರಲ್ಲಿ ಅವನು ಒಂದು ಪುಸ್ತಕವನ್ನು ಬರೆದನು. ಅದಕ್ಕಾಗಿ ತನ್ನ ಪಕ್ಷದ ಅನೇಕರಿಂದಲೇ ನಿಂದೆಯನ್ನು ಹೊಂದಿದನು. ಅರಸನ ಸಡಿಲಿಕೆಯು ಹೆಚ್ಚು ದಿನ ನಿಲ್ಲಲಿಲ್ಲ. 1676ರ ಕೊನೆಯಲ್ಲಿ ಬನ್ಯನನು ತಿರುಗಿ ಸೆರೆಗೆ ಹೋಗಿ ಸುಮಾರು ಆರು ತಿಂಗಳು ಅಲ್ಲಿದ್ದನು.

6. ಯಾತ್ರಿಕನ ಪುಸ್ತಕ

ಸೆರೆಮನೆಯಲ್ಲಿ ಬೇರೊಂದು ಪುಸ್ತಕವನ್ನು ಬರೆಯುತ್ತಿದ್ದಾಗ, ಭಕ್ತರ ಜೀವಮಾನವು ಒಂದು ಪ್ರಯಾಣವೆಂಬ ಯೋಚನೆಯು ಬನ್ಯನನಿಗೆ ಹೊಳೆಯಿತು. ಒಂದು ಯೋಚನೆಯು ಇಪ್ಪತ್ತಾಗಿ, ಒಲೆಯಿಂದ ಕಿಡಿಗಳು ಹಾರುವಂತೆ ಹೆಚ್ಚುತ್ತ ಹೋದವು. ತನ್ನ ಸಂತೋಷಕ್ಕೆಂದೇ ಬರೆದು ಮುಗಿಸಿ ಸ್ನೇಹಿತರಿಗೆ ತೋರಿಸಿದಾಗ, ಕೆಲವರು ಅಚ್ಚುಹಾಕಿಸೆಂದರು. ಕೆಲವರು ಕಟ್ಟುಕಥೆಯಿಂದ ದೇವರ ವಿಷಯವನ್ನು ಹೇಳುವುದು ಸರಿಯಲ್ಲವೆಂದರು. ಅವನು ಅಚ್ಚುಹಾಕಿಸುವುದೆಂದೇ ನಿಶ್ಚಯಿಸಿದನು. 1678ರಲ್ಲಿ ಲಂಡನಿನ ನಥಾನಿಯೆಲ್ ಪಾಂಡರ್ ಎಂಬ ಪುಸ್ತಕ ವ್ಯಾಪಾರಿಯು ಅದನ್ನು ಪ್ರಕಟಿಸಿದನು. ಕ್ರಯವು ಒಂದೂವರೆ ಶಿಲಿಂಗು. ಬನ್ಯನನು ಸಾಯುವಷ್ಟರಲ್ಲಿ, ಅಂದರೆ ಹತ್ತು ವರ್ಷಗಳೊಳಗೆ, ಅದು ಹನ್ನೊಂದು ಸಾರಿ ಅಚ್ಚಾಯಿತು.

ಕಥೆಯು ನಮಗೆ ಗೊತ್ತಿರುವುದೇ. ಕ್ರೈಸ್ತನೆಂಬ ಮನುಷ್ಯನು ಬೆನ್ನಿನ ಮೇಲೆ ಭಾರವಾದ ಹೊರೆಯನ್ನು ಹೊತ್ತು, ನಾಶಪುರವನ್ನು ಬಿಟ್ಟು, ನಿರಾಶೆಯ ಕೆಸರನ್ನು ದಾಟಿ, ಶಿಲುಬೆಯ ಬಳಿಯಲ್ಲಿ ಹೊರೆಯನ್ನು ಕಳಕೊಂಡು, ಅನೇಕ ಅಪಾಯಗಳ ಮೂಲಕ ಪರಲೋಕದ ಪಟ್ಟಣವನ್ನು ಸೇರುತ್ತಾನೆ. ಇದರಲ್ಲಿ ಬನ್ಯನನ ಸ್ವಂತ ಬಾಳು ಎಷ್ಟು ಬೆರೆತಿದೆ ನೋಡಿರಿ. ಅವನ ಹೆಸರನ್ನು ಕೊರೆದಿರುವ ಕಬ್ಬಿಣದ ಅಡಿಗಲ್ಲೊಂದು ಬೆಡ್‌ಫರ್ಡಿನಲ್ಲಿ ಉಂಟು. ಅದರ ತೂಕವು ಸುಮಾರು 60 ಪೌಂಡು. ಅಂಥ ಹೊರೆಯನ್ನು ಹೊತ್ತು ಊರೂರು ಅಲೆದವನಿಗೆ, ಬೆನ್ನಿನ ಭಾರವೆಂದರೇನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಮಳೆಗಾಲದ ಕೆಸರು ದಾರಿಗಳು ಅವನ ಕಾಲಿಗೆ ಗೊತ್ತಿದ್ದವು. ಮಾಯಾಸಂತೆಯಲ್ಲಿ ನಂಬಿಗಸ್ತನನ್ನು ವಿಚಾರಿಸುವ ನ್ಯಾಯಾಧಿಪತಿಯು ಯಾರನ್ನು ಹೋಲುತ್ತಾನೆಂದು ಬೆಡ್‌ಫರ್ಡಿನವರಿಗೆ ಹೇಳಬೇಕಾಗಿರಲಿಲ್ಲ. ಸಂದೇಹದ ಕೋಟೆಯಲ್ಲಿ ಸಿಕ್ಕಿಬಿದ್ದ ಯಾತ್ರಿಕನು, ವಾಗ್ದಾನವೆಂಬ ಬೀಗದ ಕೈಯು ಇಷ್ಟು ಹೊತ್ತೂ ತನ್ನ ಎದೆಯಲ್ಲಿಯೇ ಇತ್ತೆಂದು ನೆನಸಿಕೊಂಡು ಹೊರಗೆ ಬರುವ ಸಂಗತಿಯನ್ನು, ಹನ್ನೆರಡು ವರ್ಷ ಬೀಗದ ಶಬ್ದವನ್ನು ಕೇಳಿದವನೇ ಬರೆಯಬಲ್ಲನು.

ಅದೇ ಕಾಲದಲ್ಲಿ ಮಹಾಪಂಡಿತನಾದ ಜಾನ್ ಮಿಲ್ಟನನು 1667ರಲ್ಲಿ ತನ್ನ ದೊಡ್ಡ ಕಾವ್ಯವನ್ನು ಪ್ರಕಟಿಸಿದ್ದನು. ಅದು ವಿದ್ವಾಂಸರ ಮಾನ್ಯತೆಯನ್ನು ಹೊಂದಿತು. ಬನ್ಯನನ ಪುಸ್ತಕವನ್ನಾದರೋ ಮೊದಲು ಓದಿದವರು ಕೂಲಿಯವರು, ಕಸುಬಿನವರು, ಮನೆಗೆಲಸದ ಹೆಂಗಸರು. ಒರಟು ಕಾಗದದ ಮೇಲೆ ಅಚ್ಚಾಗಿ ಅದು ಗುಡಿಸಲುಗಳನ್ನು ಸೇರಿತು. ಬಲ್ಲವರು ಬಹುಕಾಲ ಅದನ್ನು ಕೀಳೆಂದು ಎಣಿಸಿದರೂ, ಮುಂದಿನ ಶತಮಾನದಲ್ಲಿ ಡಾಕ್ಟರ್ ಜಾನ್ಸನನಂಥ ವಿದ್ವಾಂಸನು ಅದನ್ನು ಬಹಳವಾಗಿ ಮೆಚ್ಚಿದನು. ಬನ್ಯನನು ಅಲಂಕಾರಶಾಸ್ತ್ರವನ್ನು ಓದಿದವನಲ್ಲ. ಸಂತೆಯಲ್ಲಿಯೂ ದಾರಿಯಲ್ಲಿಯೂ ಜನರು ಆಡುವ ಮಾತಿನಲ್ಲಿ ಬರೆದನು. ಆದದರಿಂದಲೇ ಅದನ್ನು ಬೇರೆ ಭಾಷೆಗಳಿಗೆ ತಿರುಗಿಸುವುದು ಸುಲಭವಾಯಿತು. ಅನಂತರ ಅವನು 1680ರಲ್ಲಿ ಕೆಡುಕನೊಬ್ಬನ ಜೀವಮಾನದ ಕಥೆಯನ್ನೂ, 1682ರಲ್ಲಿ ಪವಿತ್ರ ಯುದ್ಧವೆಂಬುದನ್ನೂ, 1684ರಲ್ಲಿ ಕ್ರೈಸ್ತನ ಹೆಂಡತಿಮಕ್ಕಳು ಅದೇ ದಾರಿಯಲ್ಲಿ ಹೊರಡುವ ಎರಡನೆಯ ಭಾಗವನ್ನೂ ಬರೆದನು. ಒಟ್ಟು ಸುಮಾರು 60 ಪುಸ್ತಕಗಳು ಅವನಿಂದ ಹುಟ್ಟಿದವು.

7. ಕೊನೆಯ ದಿನಗಳು

ಹೆಸರು ದೊಡ್ಡದಾದರೂ ಅವನು ಬೆಡ್‌ಫರ್ಡನ್ನು ಬಿಡಲಿಲ್ಲ, ಸಿರಿವಂತನೂ ಆಗಲಿಲ್ಲ. 1685ರಲ್ಲಿ ತಿರುಗಿ ಹಿಂಸೆಯ ಭಯವುಂಟಾದಾಗ, ತನ್ನ ಸೊತ್ತನ್ನೆಲ್ಲ ಎಲಿಜಬೆತಳ ಹೆಸರಿಗೆ ದಾನಪತ್ರ ಬರೆದುಕೊಟ್ಟನು. ಹಿಂದೆ ಒಂದು ಸಾರಿ ತನಗಾಗಿ ಆಕೆಯು ಪಟ್ಟ ಕಷ್ಟವನ್ನು ಅವನು ಮರೆತಿರಲಿಲ್ಲ. ಆ ಪತ್ರದಲ್ಲಿ ಅವನು ತನ್ನನ್ನು ಕಂಚುಗಾರನೆಂದೇ ಕರೆದುಕೊಂಡನು.

1688ರ ಆಗಸ್ಟಿನಲ್ಲಿ ಒಬ್ಬ ಯೌವನಸ್ಥನು ಬನ್ಯನನ ಬಳಿಗೆ ಬಂದು, ತಂದೆಯು ಕೋಪದಿಂದ ತನ್ನನ್ನು ಆಸ್ತಿಯಿಂದ ತಪ್ಪಿಸಲಿದ್ದಾನೆಂದು ದುಃಖಪಟ್ಟನು. ಬನ್ಯನನು ಕುದುರೆಯನ್ನೇರಿ ರೆಡಿಂಗ್ ಪಟ್ಟಣಕ್ಕೆ ಹೋಗಿ, ಆ ತಂದೆಯೊಡನೆ ಮಾತಾಡಿ, ಇಬ್ಬರನ್ನೂ ಸಮಾಧಾನಪಡಿಸಿದನು. ಅಲ್ಲಿಂದ ಲಂಡನಿಗೆ ಹೋಗುವಾಗ ದಾರಿಯುದ್ದಕ್ಕೂ ಮಳೆ ಸುರಿದು ತೊಯ್ದುಹೋದನು. ಸ್ನೇಹಿತನಾದ ಜಾನ್ ಸ್ಟ್ರಡ್ವಿಕ್ ಎಂಬ ಅಂಗಡಿಕಾರನ ಮನೆಯಲ್ಲಿ ಇಳಿದುಕೊಂಡು ಆಗಸ್ಟ್ 19ರಂದು ಕೊನೆಯ ಪ್ರಸಂಗವನ್ನು ಮಾಡಿದನು. ಆಮೇಲೆ ಜ್ವರವು ಬಲವಾಗಿ ಆಗಸ್ಟ್ 31ರಂದು ತೀರಿಹೋದನು. ಅವನಿಗೆ ಅರುವತ್ತು ವರ್ಷ ತುಂಬಿರಲಿಲ್ಲ. ಬನ್‌ಹಿಲ್ ಫೀಲ್ಡ್ಸ್ ಎಂಬ ಸಮಾಧಿಭೂಮಿಯಲ್ಲಿ ಅವನನ್ನು ಹೂಣಿಟ್ಟರು. ಅವನು ಬಿಟ್ಟುಹೋದ ಆಸ್ತಿಯು 42 ಪೌಂಡು 19 ಶಿಲಿಂಗು ಮಾತ್ರ. ಮರುವರ್ಷ, 1689ರಲ್ಲಿ, ಅವನಂಥವರು ಭಯವಿಲ್ಲದೆ ಕೂಡಿ ಆರಾಧಿಸಬಹುದೆಂಬ ಕಾನೂನು ಆ ದೇಶದಲ್ಲಿ ಹುಟ್ಟಿತು. ಅದನ್ನು ಅವನು ಕಣ್ಣಿನಿಂದ ಕಾಣಲಿಲ್ಲ.

ವಾಚಕರೇ, ಬನ್ಯನನನ್ನು ಮೊದಲು ಎಬ್ಬಿಸಿದವರು ಪಂಡಿತರಲ್ಲ, ಬಾಗಿಲಲ್ಲಿ ಕುಳಿತು ಮಾತಾಡುತ್ತಿದ್ದ ಬಡ ಹೆಂಗಸರು. ದಾರಿಯಲ್ಲಿ ನಿಂತು ಕೇಳಿದವನ ಮನಸ್ಸಿನಲ್ಲಿ ಏನಾಯಿತೆಂದು ಆ ಹೊತ್ತಿನಲ್ಲಿ ಅವರಿಗೆ ತಿಳಿದಿರಲಾರದು; ಅವರ ಹೆಸರುಗಳನ್ನೂ ಅವನು ತನ್ನ ಚರಿತ್ರೆಯಲ್ಲಿ ಬರೆಯಲಿಲ್ಲ. ನಮ್ಮ ಮನೆಯ ಜಗಲಿಗಳಲ್ಲಿಯೂ ಸಂಜೆಯ ಹೊತ್ತು ಮಾತು ನಡೆಯುತ್ತದೆ, ದಾರಿಹೋಕರೂ ಕೇಳುತ್ತಾರೆ. ಅವರು ನಮ್ಮಿಂದ ಕೇಳುವ ಮಾತು ಎಂಥದ್ದೆಂದು ನಾವು ಒಮ್ಮೆ ಯೋಚಿಸುವುದು ಒಳ್ಳೆಯದು.